ಬಾಯಿಮಾತು ಅಪರಾಧವಾಗುವುದು ಯಾವಾಗ? ಬೆದರಿಕೆ ಮತ್ತು ವಾಕ್ ಸ್ವಾತಂತ್ರ್ಯದ ನಡುವಿನ ಗೆರೆ

"ಬಾಯಲ್ಲಿ ಹೇಳಿದ್ದೇನೆ ಅಷ್ಟೇ, ಕೈ ಮಾಡಿಲ್ಲವಲ್ಲ." ಹೊಲದ ಬದುವಿನ ಜಗಳವಿರಲಿ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳವಿರಲಿ, ಠಾಣೆಗೆ ಕರೆಸಿದಾಗ ಬೆದರಿಸಿದವರು ಮೊದಲು ಹೇಳುವ ಮಾತು ಇದು. ಈಚೆಗೆ ಇದರ ಜೊತೆ ಇನ್ನೊಂದು ವಾದವೂ ಸೇರಿಕೊಂಡಿದೆ: "ಮಾತನಾಡುವುದು ಸಂವಿಧಾನ ನನಗೆ ಕೊಟ್ಟ ಹಕ್ಕು." ಈ ಎರಡೂ ವಾದಗಳು ನಿಲ್ಲುವುದಿಲ್ಲ. ಕೈ ಎತ್ತದೆ, ಕಲ್ಲು ತೂರದೆ, ಬರೀ ಮಾತಿನಿಂದಲೇ 7 ವರ್ಷದವರೆಗೆ ಜೈಲು ಕಾಣಬಹುದಾದ ಅಪರಾಧ ನಮ್ಮ ಕಾನೂನಿನಲ್ಲಿದೆ.

ಇದಕ್ಕೆ ತದ್ವಿರುದ್ಧವಾದ ಅನ್ಯಾಯವೂ ನಡೆಯುತ್ತದೆ. ಅಧಿಕಾರಿಯನ್ನು ಟೀಕಿಸಿದವರ ಮೇಲೆ, ಸಿಟ್ಟಿನಲ್ಲಿ ನಾಲ್ಕು ಮಾತು ಬೈದವರ ಮೇಲೆ ಬೆದರಿಕೆಯ ಪ್ರಕರಣ ಜಡಿಯಲಾಗುತ್ತದೆ. ಹೀಗಾಗಿ ಬೆದರಿಕೆಗೆ ಒಳಗಾದವರಿಗೂ ಬೆದರಿಸಿದ ಆರೋಪ ಹೊತ್ತವರಿಗೂ ಗೆರೆ ಎಲ್ಲಿದೆ ಎಂದು ಗೊತ್ತಿರಬೇಕು. ಕಾನೂನು ಆ ಗೆರೆಯನ್ನು ಎಳೆದಿರುವುದು ಪದ ಎಷ್ಟು ಕೆಟ್ಟದ್ದು ಎಂಬುದರ ಮೇಲಲ್ಲ, ಆ ಮಾತನ್ನು ಯಾವ ಕೆಲಸಕ್ಕೆ ಬಳಸಲಾಯಿತು ಎಂಬುದರ ಮೇಲೆ.

ಮೊದಲ ಹೆಜ್ಜೆ: ಹಕ್ಕಿನ ಅಳತೆ ತಿಳಿಯಿರಿ

ಸಂವಿಧಾನದ 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೂ ವಾಕ್ ಸ್ವಾತಂತ್ರ್ಯ ಕೊಡುತ್ತದೆ. ಅದರ ಬೆನ್ನಿಗೇ ಇರುವ 19(2) ವಿಧಿ, ಯಾವ ಕಾರಣಗಳಿಗಾಗಿ ಸರ್ಕಾರ ಆ ಸ್ವಾತಂತ್ರ್ಯಕ್ಕೆ ಸಮಂಜಸವಾದ ನಿರ್ಬಂಧ ಹೇರಬಹುದು ಎಂದು ಪಟ್ಟಿ ಕೊಡುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇವುಗಳಲ್ಲಿ ಕೆಲವು 1951ರ ಮೊದಲನೆಯ ತಿದ್ದುಪಡಿಯಲ್ಲಿ ಸೇರಿದವು. ಈ ಪಟ್ಟಿಯೇ ಪೂರ್ಣ, ಇದರಾಚೆಗೆ ಹೊಸ ಕಾರಣ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ ಹೇಳಿದೆ. "ನನಗೆ ಬೇಸರವಾಯಿತು", "ನನ್ನ ಮನಸ್ಸಿಗೆ ನೋವಾಯಿತು" ಎಂಬುದು ಆ ಪಟ್ಟಿಯಲ್ಲಿ ಇಲ್ಲ.

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಕಿರಿಕಿರಿ ಉಂಟುಮಾಡುವಂಥ ಆನ್‌ಲೈನ್ ಸಂದೇಶವನ್ನೂ ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಇದೇ ತರ್ಕದ ಮೇಲೆ. ಒಂದು ವಿಷಯವನ್ನು ಚರ್ಚಿಸುವುದು, ಅದರ ಪರವಾಗಿ ವಾದಿಸುವುದು, ಅಪರಾಧಕ್ಕೆ ಪ್ರಚೋದಿಸುವುದು ಇವು ಮೂರು ಬೇರೆ ಬೇರೆ. ಮೊದಲಿನ ಎರಡು ಎಷ್ಟೇ ಕಹಿಯಾಗಿದ್ದರೂ ಹಕ್ಕಿನೊಳಗೇ ಇರುತ್ತವೆ ಎಂದು ನ್ಯಾಯಾಲಯ ಹೇಳಿತು. ಅಷ್ಟಾದರೂ ಠಾಣೆಗಳಲ್ಲಿ 66ಎ ಹಾಕುವುದು ನಿಲ್ಲಲಿಲ್ಲ. ಯಾರ ಮೇಲೂ ಅದರಡಿ ಪ್ರಕರಣ ನಡೆಸುವಂತಿಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಮತ್ತೆ ಆದೇಶಿಸಬೇಕಾಯಿತು. ನಿಮಗೆ ಬಂದ ನೋಟಿಸಿನಲ್ಲಿ ಇಂದಿಗೂ 66ಎ ಕಂಡರೆ ಕೂಡಲೇ ವಕೀಲರಿಗೆ ತೋರಿಸಿ.

ಹಾಗಾದರೆ ಬೆದರಿಕೆಗೆ ರಕ್ಷಣೆ ಏಕಿಲ್ಲ? ಬೆದರಿಕೆ ಹಾಕುವವನು ಅಭಿಪ್ರಾಯ ಹೇಳುತ್ತಿಲ್ಲ, ಇನ್ನೊಬ್ಬರ ಸ್ವಾತಂತ್ರ್ಯವನ್ನು ಭಯದಿಂದ ಕಟ್ಟಿಹಾಕುತ್ತಿದ್ದಾನೆ. ಬೆದರಿದವರ ಬಾಯಿಯೂ ಮುಚ್ಚಿಹೋಗುತ್ತದೆ. ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಬೆದರಿಕೆಯನ್ನು ಸಮರ್ಥಿಸುವವರು ಇದನ್ನು ಮರೆಯುತ್ತಾರೆ.

ಎರಡನೆಯ ಹೆಜ್ಜೆ: ಆ ಮಾತನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 503 ಮತ್ತು 506ನೇ ಕಲಮುಗಳು ಈಗ 351ನೇ ಕಲಮಿನಲ್ಲಿವೆ. ಆ ದಿನಾಂಕಕ್ಕಿಂತ ಮೊದಲು ನಡೆದ ಘಟನೆಗೆ ಹಳೆಯ ಕಲಮುಗಳೇ ಅನ್ವಯಿಸುತ್ತವೆ. ಕ್ರಿಮಿನಲ್ ಬೆದರಿಕೆಯ ವ್ಯಾಖ್ಯೆ ಉದ್ದವಾಗಿದೆ, ಆದರೆ ಅದನ್ನು ಮೂರು ಪ್ರಶ್ನೆಗಳಾಗಿ ಒಡೆಯಬಹುದು.

ಮೊದಲ ಪ್ರಶ್ನೆ: ಏನು ಮಾಡುತ್ತೇನೆ ಎಂದರು? ದೇಹಕ್ಕೆ, ಮಾನಕ್ಕೆ ಅಥವಾ ಆಸ್ತಿಗೆ ಹಾನಿ ಮಾಡುವ ಮಾತು ಇರಬೇಕು, ಮತ್ತು ಆ ಹಾನಿ ಕಾನೂನುಬಾಹಿರವಾಗಿರಬೇಕು. "ನಿನ್ನ ಮೇಲೆ ಕೋರ್ಟಿಗೆ ಹೋಗುತ್ತೇನೆ", "ಲೋಕಾಯುಕ್ತಕ್ಕೆ ದೂರು ಕೊಡುತ್ತೇನೆ", "ಪತ್ರಿಕೆಗೆ ಬರೆಯುತ್ತೇನೆ" ಎಂಬುದು ಎಷ್ಟು ಗಟ್ಟಿ ದನಿಯಲ್ಲಿ ಹೇಳಿದರೂ ಅಪರಾಧವಲ್ಲ, ಏಕೆಂದರೆ ಅವೆಲ್ಲ ಮಾಡಲು ಹಕ್ಕಿರುವ ಕೆಲಸಗಳು. ಕಚೇರಿಯಲ್ಲಿ ಕೆಲಸವಾಗದೆ ಬೇಸತ್ತ ಸಾಮಾನ್ಯ ಜನರನ್ನು "ಬೆದರಿಕೆ ಹಾಕುತ್ತೀಯಾ" ಎಂದು ಸುಮ್ಮನಾಗಿಸುವುದು ತಪ್ಪು. ಆದರೆ "ಎರಡು ಲಕ್ಷ ಕೊಡು, ಇಲ್ಲದಿದ್ದರೆ ಸುಳ್ಳು ಕೇಸು ಹಾಕಿಸುತ್ತೇನೆ" ಎಂದರೆ ಅದು ಬೆದರಿಕೆಯನ್ನೂ ದಾಟಿ 308ನೇ ಕಲಮಿನ ಸುಲಿಗೆಯತ್ತ ಹೋಗುತ್ತದೆ.

ಎರಡನೆಯ ಪ್ರಶ್ನೆ: ಯಾರಿಗೆ ಹಾನಿ? ನಿಮಗೇ ಆಗಬೇಕೆಂದಿಲ್ಲ. ನಿಮ್ಮ ಮಗಳಿಗೆ, ತಮ್ಮನಿಗೆ, ನಿಮಗೆ ಬೇಕಾದ ಯಾರಿಗಾದರೂ ಹಾನಿ ಮಾಡುವ ಮಾತು ಆಡಿದರೂ ಸಾಕು. ತೀರಿಕೊಂಡ ತಂದೆಯ ಹೆಸರಿಗೆ ಮಸಿ ಬಳಿಯುತ್ತೇನೆ ಎಂದು ಮಗನನ್ನು ಹೆದರಿಸುವುದನ್ನೂ ಈ ಕಲಮಿನ ವಿವರಣೆ ಸೇರಿಸಿಕೊಂಡಿದೆ. ಮಾತು ಎದುರಿಗೆ ಆಡಿದ್ದೇ ಆಗಬೇಕೆಂಬುದೂ ಇಲ್ಲ. "ಯಾವುದೇ ವಿಧಾನದಿಂದ" ಎಂದು ಹೊಸ ಸಂಹಿತೆ ಹೇಳುತ್ತದೆ. ಫೋನು, ವಾಟ್ಸ್‌ಆ್ಯಪ್ ಧ್ವನಿ ಸಂದೇಶ, ಪತ್ರ, ಕತ್ತು ಕೊಯ್ಯುವಂತೆ ತೋರಿಸುವ ಕೈಸನ್ನೆ ಎಲ್ಲವೂ ಇದರೊಳಗೆ ಬರುತ್ತವೆ.

ಮೂರನೆಯ ಪ್ರಶ್ನೆಯೇ ಪ್ರಕರಣದ ಜೀವ: ಉದ್ದೇಶವೇನು? ನಿಮ್ಮನ್ನು ಭಯಪಡಿಸುವುದು, ಅಥವಾ ನೀವು ಮಾಡಬೇಕಿಲ್ಲದ ಕೆಲಸವನ್ನು ಮಾಡಿಸುವುದು, ಅಥವಾ ನಿಮಗೆ ಹಕ್ಕಿರುವ ಕೆಲಸವನ್ನು ನಿಲ್ಲಿಸುವುದು ಇವುಗಳಲ್ಲಿ ಒಂದಾದರೂ ಉದ್ದೇಶವಾಗಿರಬೇಕು. ಕಾಯ್ದೆಯೇ ಕೊಡುವ ಉದಾಹರಣೆ ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಹೊಂದುತ್ತದೆ. ಸಿವಿಲ್ ದಾವೆ ಮುಂದುವರಿಸದಂತೆ ಮಾಡಲು ಒಬ್ಬ ಇನ್ನೊಬ್ಬನಿಗೆ "ನಿನ್ನ ಮನೆ ಸುಡುತ್ತೇನೆ" ಎನ್ನುತ್ತಾನೆ. ಮನೆ ಸುಡಬೇಕಿಲ್ಲ, ದಾವೆ ನಿಲ್ಲಬೇಕಿಲ್ಲ. ಆ ಉದ್ದೇಶದಿಂದ ಆ ಮಾತು ಆಡಿದಾಗಲೇ ಅಪರಾಧ ಪೂರ್ಣವಾಯಿತು. ನೀವು ಧೈರ್ಯವಂತರಾಗಿದ್ದು ಜಗ್ಗದೆ ನಿಂತಿರಿ ಎಂಬ ಕಾರಣಕ್ಕೆ ಅವರು ಪಾರಾಗುವುದಿಲ್ಲ.

ಉದ್ದೇಶ ಎದೆಯೊಳಗಿನದು, ಅದನ್ನು ಸುತ್ತಲಿನ ಸಂಗತಿಗಳಿಂದಲೇ ತಿಳಿಯಬೇಕು. "ನಿನ್ನನ್ನು ನೋಡಿಕೊಳ್ಳುತ್ತೇನೆ" ಎಂಬ ಮಾತನ್ನೇ ತೆಗೆದುಕೊಳ್ಳಿ. ಬಸ್ಸಿನಲ್ಲಿ ಸೀಟಿನ ಜಗಳಕ್ಕೆ ಅಪರಿಚಿತರು ಹೇಳಿ ಇಳಿದುಹೋದರೆ ಅದು ಬರೀ ಸಿಟ್ಟು. ಮೂರು ತಿಂಗಳಿಂದ ಬದುವಿನ ವಿಚಾರಕ್ಕೆ ಜಗಳವಾಡುತ್ತಿರುವವನು ಕೈಯಲ್ಲಿ ಮಚ್ಚು ಹಿಡಿದು, ರಾತ್ರಿ ಹೊತ್ತು ನಿಮ್ಮ ಗೇಟಿನ ಮುಂದೆ ನಿಂತು ಅದೇ ಮಾತು ಹೇಳಿದರೆ ಅದಕ್ಕೆ ಬೇರೆಯೇ ತೂಕ. ಹಳೆಯ ವೈರ, ಆಯುಧ, ಹೊತ್ತು, ಜಾಗ, ಎಷ್ಟು ಸಲ ಹೇಳಿದರು, ಹೇಳಿದ್ದನ್ನು ಮಾಡುವ ಸಾಮರ್ಥ್ಯ ಅವರಿಗಿದೆಯೇ ಎಂಬುದನ್ನೆಲ್ಲ ನ್ಯಾಯಾಲಯ ನೋಡುತ್ತದೆ.

ಎರಡು ತೀರ್ಪುಗಳನ್ನು ಇಲ್ಲಿ ಹೇಳಲೇಬೇಕು. ಒಂದು ಬೆಂಗಳೂರಿನದು. ಕಾರು ಮತ್ತು ಆಟೋ ಡಿಕ್ಕಿಯಾಗಿ ಆಟೋದಲ್ಲಿದ್ದ ಪ್ರಯಾಣಿಕರಿಗೆ ಗಾಯವಾಯಿತು. ಕಾರಿನಲ್ಲಿದ್ದ ದಂಪತಿ ಚಿಕಿತ್ಸೆಯ ಖರ್ಚು ಕೊಟ್ಟರು. ಸಂಚಾರ ಠಾಣೆಗೆ ಕರೆಸಿದಾಗ ಇನ್‌ಸ್ಪೆಕ್ಟರ್ ಒರಟಾಗಿ ನಡೆದುಕೊಂಡರೆಂದು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಬರೆದರು. ಅವರ ಮೇಲೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಮತ್ತು ಕ್ರಿಮಿನಲ್ ಬೆದರಿಕೆಯ ಪ್ರಕರಣ ದಾಖಲಾಯಿತು. ಹೈಕೋರ್ಟ್ ಅದನ್ನು ರದ್ದುಪಡಿಸಲು ಒಪ್ಪಲಿಲ್ಲ. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು: ಭಯ ಹುಟ್ಟಿಸುವ ಉದ್ದೇಶವಿಲ್ಲದ ಬರೀ ಮಾತು ಬೆದರಿಕೆಯಾಗದು, ಅಧಿಕಾರಿಯ ನಡವಳಿಕೆಯ ಬಗ್ಗೆ ಸಾರ್ವಜನಿಕ ವೇದಿಕೆಯಲ್ಲಿ ದೂರಿಕೊಳ್ಳುವುದು ಬೆದರಿಕೆಯಲ್ಲ. ಪೊಲೀಸರ ವರ್ತನೆಯ ಬಗ್ಗೆ ಬರೆಯಲು ಹಿಂಜರಿಯುವ ಪ್ರತಿಯೊಬ್ಬ ಕನ್ನಡಿಗನಿಗೂ ಈ ತೀರ್ಪು ಗೊತ್ತಿರಬೇಕು.

ಇನ್ನೊಂದು 1960ರದು. ಒಬ್ಬ ಹುಡುಗ ಮತ್ತು ಹುಡುಗಿಯ ಬೆತ್ತಲೆ ಚಿತ್ರ ತೆಗೆದು, ಹಣ ಕೊಡದಿದ್ದರೆ ಬಹಿರಂಗ ಮಾಡುತ್ತೇನೆಂದು ಹುಡುಗಿಯ ತಂದೆಯನ್ನು ಹೆದರಿಸಿದವನ ಪ್ರಕರಣ. ಅದು ಕ್ರಿಮಿನಲ್ ಬೆದರಿಕೆ ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತಿರುಚಿದ ಫೋಟೊ ಕಳುಹಿಸಿ ಹಣ ಕೀಳುವ ಇಂದಿನ ಸಾಲದ ಆ್ಯಪ್‌ಗಳ ದಂಧೆಗೆ ಕಾನೂನು ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊಬೈಲ್ ಹುಟ್ಟುವ ಮೊದಲೇ ಅದಕ್ಕೆ ಉತ್ತರವಿತ್ತು.

ಬೈಗುಳ, ಶಾಪ, ಘೋಷಣೆ

ಬೈಗುಳ ಬೆದರಿಕೆಯಲ್ಲ. 2019ರಲ್ಲೂ 2024ರಲ್ಲೂ ಉತ್ತರ ಪ್ರದೇಶದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಬೈಗುಳಕ್ಕೆ 352ನೇ ಕಲಮು ಬೇರೆ ಇದೆ, ಆದರೆ ಅಲ್ಲಿಯೂ ಎದುರಿನವರು ಕೆರಳಿ ಶಾಂತಿ ಕದಡಲಿ ಎಂಬ ಉದ್ದೇಶ ಅಥವಾ ಅರಿವು ಇರಬೇಕು.

ಹಿಡಿ ಮಣ್ಣು ತೂರಿ "ನಿನ್ನ ಮನೆ ಹಾಳಾಗಲಿ" ಎಂದು ಶಪಿಸುವುದು ನೋವಿನ ಮಾತು, ಬೆದರಿಕೆಯಲ್ಲ. ಹಾನಿಯನ್ನು ತಾನು ಮಾಡುತ್ತೇನೆಂದು ಅಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ದೈವಕೋಪದ ಭಯವನ್ನೇ ಸಾಧನ ಮಾಡಿಕೊಂಡು ಒಬ್ಬರಿಂದ ಕೆಲಸ ಮಾಡಿಸಿದರೆ, ಅಥವಾ ಅವರ ಹಕ್ಕಿನ ಕೆಲಸವನ್ನು ತಪ್ಪಿಸಿದರೆ, ಅದಕ್ಕೆ 354ನೇ ಕಲಮು ಇದೆ, 1 ವರ್ಷದವರೆಗೆ ಶಿಕ್ಷೆ. ಜ್ಯೋತಿಷ್ಯ, ಮಾಟಮಂತ್ರದ ಹೆಸರಿನಲ್ಲಿ ಹೆದರಿಸಿ ಹಣ ಪೀಕುವವರಿಂದ ಸೋತುಹೋದವರು ಈ ಕಲಮನ್ನು ವಕೀಲರಿಗೆ ನೆನಪಿಸಬಹುದು.

"ಸರ್ಕಾರವನ್ನು ಕಿತ್ತೊಗೆಯುತ್ತೇವೆ", "ಈ ಶಾಸಕರಿಗೆ ಪಾಠ ಕಲಿಸುತ್ತೇವೆ" ಎಂಬ ಘೋಷಣೆಗಳು ರಾಜಕೀಯ ಮಾತು. ಅಂಥ ಮಾತನ್ನು ಅಳೆಯಬೇಕಾದುದು ವಿವೇಕವುಳ್ಳ, ಗಟ್ಟಿ ಮನಸ್ಸಿನ, ಧೈರ್ಯವಂತ ಜನರ ಅಳತೆಗೋಲಿನಿಂದ, ಎಲ್ಲದರಲ್ಲೂ ಅಪಾಯ ಕಾಣುವ ಅಳ್ಳೆದೆಯವರ ಅಳತೆಗೋಲಿನಿಂದಲ್ಲ ಎಂದು 2025ರ ಮಾರ್ಚ್‌ನಲ್ಲಿ ಗುಜರಾತಿನ ಕವಿತೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪುನಃ ಹೇಳಿದೆ. ಹೆಸರು ಹಿಡಿದು "ಅವನ ಮನೆಗೆ ನುಗ್ಗಿ" ಎಂದು ಗುಂಪಿಗೆ ಕರೆ ಕೊಟ್ಟ ಕ್ಷಣ ಮಾತು ಪ್ರಚೋದನೆಗೆ ತಿರುಗುತ್ತದೆ, ಆಗ ರಾಜಕೀಯ ಮಾತು ಎಂಬ ಗುರಾಣಿ ಕೆಲಸಕ್ಕೆ ಬರುವುದಿಲ್ಲ.

ಮೂರನೆಯ ಹೆಜ್ಜೆ: ಯಾವ ಕಲಮು, ಎಷ್ಟು ಶಿಕ್ಷೆ ಎಂದು ಗುರುತಿಸಿ

ಸಾಮಾನ್ಯ ಬೆದರಿಕೆಗೆ 351(2)ರಡಿ 2 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಕೊಲ್ಲುವ, ತೀವ್ರವಾಗಿ ಗಾಯಗೊಳಿಸುವ, ಆಸ್ತಿಗೆ ಬೆಂಕಿ ಇಡುವ ಅಥವಾ ಹೆಣ್ಣಿನ ಶೀಲಕ್ಕೆ ಕಳಂಕ ಹಚ್ಚುವ ಬೆದರಿಕೆಯಾದರೆ 351(3)ರಡಿ 7 ವರ್ಷದವರೆಗೆ. ಹೆಸರು ಮುಚ್ಚಿಟ್ಟು, ಅನಾಮಧೇಯವಾಗಿ ಬೆದರಿಸಿದರೆ 351(4)ರಡಿ ಇನ್ನೂ 2 ವರ್ಷದವರೆಗೆ ಹೆಚ್ಚುವರಿ.

ಅನಾಮಧೇಯ ಪತ್ರಗಳ ವಿಷಯ ಕನ್ನಡಿಗರಿಗೆ ದೂರದ್ದಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದ ಮೇಲೆ, ಕುಂ. ವೀರಭದ್ರಪ್ಪ ಸೇರಿದಂತೆ ಹಲವು ಸಾಹಿತಿಗಳ ಮನೆಗೆ 'ಸಹಿಷ್ಣು ಹಿಂದೂ' ಎಂಬ ಹೆಸರಿನಲ್ಲಿ ಕೊಲೆ ಬೆದರಿಕೆಯ ಪತ್ರಗಳು ಬರತೊಡಗಿದವು. ಅವರು ಪತ್ರಗಳನ್ನು ಹರಿದೆಸೆಯದೆ ದೂರು ಕೊಟ್ಟರು. ತನಿಖೆ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗಕ್ಕೆ ಹೋಗಿ, 2023ರ ಸೆಪ್ಟೆಂಬರ್‌ನಲ್ಲಿ ದಾವಣಗೆರೆಯ ಒಬ್ಬರ ಬಂಧನವಾಯಿತು. ಬಂಧನವೆಂದರೆ ಅಪರಾಧ ಸಾಬೀತಾದಂತಲ್ಲ. ಆದರೆ ಸಹಿ ಇಲ್ಲದ ಕಾಗದದ ಜಾಡನ್ನೂ ಹಿಡಿಯಬಹುದು ಎಂಬುದಕ್ಕೆ ಇದು ಸಾಕ್ಷಿ. ಬಂದ ಕಾಗದವನ್ನು ಲಕೋಟೆಯ ಸಮೇತ, ಹೆಚ್ಚು ಮುಟ್ಟದೆ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಅಂಚೆಯ ಮುದ್ರೆ, ಬೆರಳಚ್ಚು, ಕೈಬರಹ ಮೂರೂ ತನಿಖೆಗೆ ಬೇಕು.

ಕೆಲವು ಸಂದರ್ಭಗಳಲ್ಲಿ 351ರ ಜೊತೆ ಇನ್ನೂ ಬಲವಾದ ಕಾನೂನುಗಳಿವೆ. "ಠಾಣೆಗೆ ಹೋದರೆ ಜೋಕೆ" ಎಂದು ರಕ್ಷಣೆ ಕೇಳದಂತೆ ತಡೆಯುವುದಕ್ಕೆ 225ನೇ ಕಲಮು. ಸುಳ್ಳು ಸಾಕ್ಷಿ ಹೇಳು ಎಂದು ಸಾಕ್ಷಿಯನ್ನು ಬೆದರಿಸಿದರೆ 232ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆ. ಹೆಣ್ಣಿನ ಮರ್ಯಾದೆಗೆ ಕುಂದು ತರುವ ಮಾತು, ಸನ್ನೆಗೆ 79ನೇ ಕಲಮು. ಮನೆಯೊಳಗಿನ ಬೆದರಿಕೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೇ ಹೆಚ್ಚು ಉಪಯುಕ್ತ. ಬೆದರಿಕೆಗೆ ಒಳಗಾದ ಮಹಿಳೆಗೆ ಬೇಕಾದವರಿಗೆ ದೈಹಿಕ ನೋವು ಕೊಡುತ್ತೇನೆಂದು ಪದೇಪದೇ ಬೆದರಿಸುವುದನ್ನು ಆ ಕಾಯ್ದೆ ಹೆಸರಿಸಿಯೇ ದೌರ್ಜನ್ಯದ ಪಟ್ಟಿಯಲ್ಲಿಟ್ಟಿದೆ, ಮತ್ತು ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಪಡೆಯಬಹುದು. "ತವರಿಗೆ ಹೋದರೆ ನಿನ್ನ ತಮ್ಮನ ಕಾಲು ಮುರಿಯುತ್ತೇನೆ" ಎಂಬ ಮಾತನ್ನು ವರ್ಷಗಟ್ಟಲೆ ನುಂಗಿಕೊಂಡು ಬಂದವರು ಇದನ್ನು ದಯವಿಟ್ಟು ಓದಿಕೊಳ್ಳಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರಿಗೆ ಕಾಣುವಂಥ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದ ಬೆದರಿಸುವುದು, ಜಾತಿ ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಬರುತ್ತದೆ. ಅಲ್ಲಿ ನಿರೀಕ್ಷಣಾ ಜಾಮೀನಿನ ದಾರಿಯೂ ಬಹುಮಟ್ಟಿಗೆ ಮುಚ್ಚಿದೆ.

ಸಾಲ ವಸೂಲಿಯ ಬೆದರಿಕೆ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮೈಕ್ರೋಫೈನಾನ್ಸ್ ಸಿಬ್ಬಂದಿಯ ಕಾಟಕ್ಕೆ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಹಾಕಿ ಜನ ಊರು ಬಿಟ್ಟ ಮೇಲೆ, ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರುಸಾಲ ಮತ್ತು ಸಣ್ಣ ಸಾಲ ಬಲವಂತದ ಕ್ರಮ ತಡೆ ಸುಗ್ರೀವಾಜ್ಞೆ ತಂದಿತು, ಬಳಿಕ ಅದು ಕಾಯ್ದೆಯಾಯಿತು. ಸಾಲಗಾರರನ್ನು ಅಥವಾ ಅವರ ಕುಟುಂಬದವರನ್ನು ಬೆದರಿಸುವುದು, ಅವಮಾನಿಸುವುದು, ಹಿಂಬಾಲಿಸುವುದು ಅದರಡಿ ಅಪರಾಧ. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬ್ಯಾಂಕುಗಳ ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ಸೂಚನೆಯೂ ಇದೆ. ಸಾಲ ತೀರಿಸುವ ಹೊಣೆ ಉಳಿದೇ ಇರುತ್ತದೆ. ಬೆದರಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ನಾಲ್ಕನೆಯ ಹೆಜ್ಜೆ: ಆಡಿದ ಮಾತನ್ನು ಅದೇ ದಿನ ಬರೆದಿಡಿ

ಪ್ರಾಣಕ್ಕೆ ತಕ್ಷಣದ ಅಪಾಯವಿದ್ದರೆ ಮೊದಲು 112ಕ್ಕೆ ಕರೆ ಮಾಡಿ. ಉಳಿದದ್ದೆಲ್ಲ ಆಮೇಲೆ.

ಕರ್ನಾಟಕದ ದೂರುಗಳಲ್ಲಿ ಒಂದು ಸಿದ್ಧ ವಾಕ್ಯ ದಶಕಗಳಿಂದ ಓಡಾಡುತ್ತಿದೆ: "ಅವಾಚ್ಯ ಶಬ್ದಗಳಿಂದ ಬೈದು ಜೀವ ಬೆದರಿಕೆ ಹಾಕಿರುತ್ತಾರೆ." ದೂರು ಬರೆದುಕೊಡುವವರು ಯೋಚಿಸದೆ ಅದನ್ನೇ ಬರೆಯುತ್ತಾರೆ. ಇದು ನಿಮ್ಮ ಪ್ರಕರಣವನ್ನು ಒಳಗಿನಿಂದಲೇ ಟೊಳ್ಳಾಗಿಸುತ್ತದೆ. ಏನು ಹೇಳಿದರು, ಏಕೆ ಹೇಳಿದರು ಎಂಬುದು ಅದರಲ್ಲಿ ಇಲ್ಲ. ಉದ್ದೇಶವೇ ಮುಖ್ಯವಾದ ಅಪರಾಧದಲ್ಲಿ ಉದ್ದೇಶವನ್ನು ತೋರಿಸುವ ಪದಗಳನ್ನೇ ಬಿಟ್ಟರೆ ನ್ಯಾಯಾಲಯಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ:

"ಇಂಥ ದಿನಾಂಕ ಸಂಜೆ ಸುಮಾರು 6.30ಕ್ಕೆ ನಮ್ಮ ಮನೆಯ ಗೇಟಿನ ಮುಂದೆ ಇಂಥವರು ಬೈಕಿನಲ್ಲಿ ಬಂದು ನಿಂತರು. ಬದುವಿನ ವಿಚಾರವಾಗಿ ನಾನು ಸಿವಿಲ್ ನ್ಯಾಯಾಲಯದಲ್ಲಿ ಹೂಡಿರುವ ದಾವೆಯನ್ನು ಪ್ರಸ್ತಾಪಿಸಿ, 'ಸೋಮವಾರದೊಳಗೆ ಕೇಸು ವಾಪಸ್ ತೆಗೆದುಕೊಳ್ಳದಿದ್ದರೆ ನಿನ್ನ ಮಗ ಕಾಲೇಜಿನಿಂದ ಮನೆಗೆ ಬರುವುದಿಲ್ಲ' ಎಂದು ಹೇಳಿದರು. ಆಗ ನನ್ನ ಹೆಂಡತಿ ಮತ್ತು ಪಕ್ಕದ ಮನೆಯವರು ಅಲ್ಲಿದ್ದು ಕೇಳಿಸಿಕೊಂಡಿದ್ದಾರೆ. ಕಳೆದ ತಿಂಗಳೂ ಇವರು ಇದೇ ವಿಚಾರಕ್ಕೆ ಫೋನ್ ಮಾಡಿದ್ದರು. ಅಂದಿನಿಂದ ಮಗನನ್ನು ಒಬ್ಬನೇ ಕಳುಹಿಸಲು ನಮಗೆ ಭಯವಾಗುತ್ತಿದೆ."

ಈ ಐದು ವಾಕ್ಯಗಳಲ್ಲಿ ಕಾನೂನು ಕೇಳುವುದೆಲ್ಲ ಇದೆ: ಹಾನಿಯ ಮಾತು, ನಿಮಗೆ ಬೇಕಾದ ವ್ಯಕ್ತಿ, ಹಕ್ಕಿನ ಕೆಲಸ ನಿಲ್ಲಿಸುವ ಉದ್ದೇಶ, ಸಾಕ್ಷಿ, ಹಿನ್ನೆಲೆ, ಭಯ. ಅವರು ಆಡಿದ ಭಾಷೆಯಲ್ಲೇ, ಅವರ ಪದಗಳಲ್ಲೇ ಬರೆಯಿರಿ. ಧಾರವಾಡದ ಮಾತಾಗಲಿ, ಮಂಗಳೂರಿನ ತುಳುವಾಗಲಿ, ಉರ್ದುವಾಗಲಿ, ಆಡಿದ್ದು ಆಡಿದಂತೆಯೇ ಇರಲಿ. ಅಸಹ್ಯದ ಪದವನ್ನು ಸಂಕೋಚದಿಂದ ಬಿಡಬೇಡಿ. ಆಡದ ಮಾತನ್ನು ಸೇರಿಸಲೂ ಬೇಡಿ. ಪಾಟೀಸವಾಲಿನಲ್ಲಿ ಒಂದು ಸುಳ್ಳು ಸಿಕ್ಕಿಬಿದ್ದರೆ ನಿಜವೂ ಜೊತೆಗೇ ಹೋಗುತ್ತದೆ.

ಸಂದೇಶ ಅಥವಾ ಕರೆಯಾಗಿದ್ದರೆ ಮೂಲವನ್ನು ಅಳಿಸಬೇಡಿ. ಸ್ಕ್ರೀನ್‌ಶಾಟಿನಲ್ಲಿ ನಂಬರು, ದಿನಾಂಕ, ಸಮಯ ಕಾಣಲಿ. ಸ್ಕ್ರೀನ್‌ಶಾಟ್ ಇದೆಯೆಂದು ಹಳೆಯ ಫೋನನ್ನು ಮಾರಬೇಡಿ. ಇಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯ ಒಪ್ಪಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದನ್ನು ಸಿದ್ಧಪಡಿಸುವಾಗ ಮೂಲ ಸಾಧನ ಕೈಯಲ್ಲಿದ್ದರೆ ಕೆಲಸ ಸುಲಭ. ಎದುರುತ್ತರವಾಗಿ ನೀವೂ ಒಂದು ಬೆದರಿಕೆ ಕಳುಹಿಸಬೇಡಿ, ಎಷ್ಟೇ ಸಿಟ್ಟು ಬಂದರೂ. ಅದೊಂದು ಸಂದೇಶ ನಿಮ್ಮ ಮೇಲಿನ ಪ್ರತಿದೂರಿಗೆ ಸಾಕಾಗುತ್ತದೆ.

ಐದನೆಯ ಹೆಜ್ಜೆ: ಠಾಣೆಯಲ್ಲಿ ಏನಾಗುತ್ತದೆ ಎಂದು ಮೊದಲೇ ತಿಳಿದು ಹೋಗಿ

ಹೆಚ್ಚಿನವರು ಎಡವುವುದು ಇಲ್ಲಿ. ತನಿಖೆ ಮತ್ತು ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯ ಪ್ರಕಾರ 351(2) ಮತ್ತು 351(3) ಎರಡೂ ಅಸಂಜ್ಞೇಯ ಅಪರಾಧಗಳು, ಜಾಮೀನು ಸಿಗುವಂಥವು. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕೊಲ್ಲುತ್ತೇನೆ ಎಂದವನನ್ನು ಪೊಲೀಸರು ಏಕೆ ಎಳೆದುಕೊಂಡು ಬರಲಿಲ್ಲ ಎಂದು ಕೇಳುವವರಿಗೆ ಉತ್ತರ ಇದು. ಠಾಣೆಯವರು ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾಡಿ ಕಳುಹಿಸಿದರೆ ಅದು ಯಾವಾಗಲೂ ಉದಾಸೀನವಲ್ಲ, ಕಾನೂನಿನ ಕಟ್ಟೂ ಹೌದು. ಕೊಲೆ ಬೆದರಿಕೆಯಂಥದ್ದನ್ನೂ ಈ ಕಟ್ಟಿನಲ್ಲಿ ಇಟ್ಟಿರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಇರುವ ಕಾನೂನಿನಲ್ಲೇ ದಾರಿಗಳಿವೆ.

ಬೆದರಿಕೆಯ ಜೊತೆ ಒಂದಾದರೂ ಸಂಜ್ಞೇಯ ಅಪರಾಧ ನಡೆದಿದ್ದರೆ ಇಡೀ ಪ್ರಕರಣವೇ ಸಂಜ್ಞೇಯವಾಗುತ್ತದೆ, ಹಾಗೆಂದು ಅದೇ ಸಂಹಿತೆಯ 174(4)ನೇ ಕಲಮು ಹೇಳುತ್ತದೆ. ದಾರಿ ಅಡ್ಡಗಟ್ಟಿದ್ದರೆ ನ್ಯಾಯ ಸಂಹಿತೆಯ 126(2), ಮನೆಯೊಳಗೆ ನುಗ್ಗಿದ್ದರೆ 329(4), ಹಣ ಕೇಳಿದ್ದರೆ 308. ಆದ್ದರಿಂದ ಘಟನೆಯನ್ನು ಪೂರ್ತಿಯಾಗಿ ಹೇಳಿ. "ಬೈಕನ್ನು ಅಡ್ಡ ನಿಲ್ಲಿಸಿ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ" ಎಂಬ ಒಂದು ನಿಜಸಂಗತಿ ನಿಮಗೆ ಸಣ್ಣದಾಗಿ ಕಂಡರೂ ಎಫ್‌ಐಆರ್ ದಾಖಲಾಗುವುದಕ್ಕೂ ಆಗದಿರುವುದಕ್ಕೂ ನಡುವಿನ ವ್ಯತ್ಯಾಸ ಅದೇ ಆಗಿರಬಹುದು.

ಬರೀ ಬೆದರಿಕೆಯಷ್ಟೇ ಇದ್ದರೆ ಎನ್‌ಸಿಆರ್ ಪ್ರತಿ ಪಡೆದು, ತನಿಖೆಗೆ ಅನುಮತಿ ನೀಡುವಂತೆ ಮ್ಯಾಜಿಸ್ಟ್ರೇಟರನ್ನು ಕೇಳಬೇಕು. ಪೊಲೀಸರ ಮನವಿಯ ಮೇಲೆ ವಿವೇಚನೆಯಿಲ್ಲದೆ "ಅನುಮತಿಸಿದೆ" ಎಂದಷ್ಟೇ ಬರೆದರೆ ಸಾಲದು ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ಇದೇ ದೋಷದಿಂದ ಎಷ್ಟೋ ಪ್ರಕರಣಗಳು ಮುಂದೆ ಬಿದ್ದುಹೋಗಿವೆ. ಆದೇಶದ ಪ್ರತಿ ತೆಗೆದುಕೊಂಡು ಅದರಲ್ಲಿ ಕಾರಣ ಬರೆದಿದೆಯೇ ಎಂದು ವಕೀಲರಿಂದ ನೋಡಿಸಿ.

ಸಂಜ್ಞೇಯ ಅಪರಾಧವಿದ್ದೂ ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ, ನಾಗರಿಕ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಅಂಚೆಯ ರಸೀದಿ ಜೋಪಾನ. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಮಾತಿಗೆ ಈಗ ಬೆಲೆಯಿಲ್ಲ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಪೊಲೀಸರನ್ನು ಬಿಟ್ಟು 223ನೇ ಕಲಮಿನಡಿ ನೇರವಾಗಿ ಖಾಸಗಿ ದೂರು ದಾಖಲಿಸುವ ದಾರಿಯೂ ಇದೆ.

ಇನ್ನೊಂದು ದಾರಿ ಹಳ್ಳಿ ಜಗಳಗಳಲ್ಲಿ ಎಷ್ಟೋ ಸಲ ಎಲ್ಲಕ್ಕಿಂತ ಬೇಗ ಫಲ ಕೊಡುತ್ತದೆ. ಶಾಂತಿ ಕದಡುವ ಸಂಭವವಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ತಾಲ್ಲೂಕಿನಲ್ಲಾದರೆ ತಹಶೀಲ್ದಾರರು, ಎದುರಿನವರಿಗೆ ನೋಟಿಸ್ ಕೊಟ್ಟು 1 ವರ್ಷದವರೆಗೆ ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳಬಹುದು. ಶಿಕ್ಷೆಯಾಗಲಿ ಎಂಬುದಕ್ಕಿಂತ ನೆಮ್ಮದಿಯಾಗಿ ಹೊಲಕ್ಕೆ ಹೋಗಿ ಬರಬೇಕು ಎನ್ನುವವರಿಗೆ ಇದು ಒಳ್ಳೆಯ ದಾರಿ.

ಆರನೆಯ ಹೆಜ್ಜೆ: ಆರೋಪ ನಿಮ್ಮ ಮೇಲೆಯೇ ಬಂದರೆ

ದೂರುದಾರರಿಗೆ ಫೋನ್ ಮಾಡಬೇಡಿ, "ಸಮಾಧಾನ ಮಾಡೋಣ" ಎಂದು ಬೇರೆಯವರನ್ನೂ ಕಳುಹಿಸಬೇಡಿ. ಅದನ್ನೇ ಇನ್ನೊಂದು ಬೆದರಿಕೆ ಎಂದು ಬರೆಯಬಹುದು. ರಾಜಿ ವಕೀಲರ ಮೂಲಕ ಆಗಲಿ. ಕಳುಹಿಸಿದ ಸಂದೇಶವನ್ನು ಅಳಿಸಬೇಡಿ. ಸಾಕ್ಷ್ಯ ನಾಶದ ಆರೋಪ ಬರುವುದಲ್ಲದೆ, ಪೂರ್ತಿ ಸಂಭಾಷಣೆ ನಿಮ್ಮ ಪರವಾಗಿಯೂ ಇರಬಹುದು, ಏಕೆಂದರೆ ಕತ್ತರಿಸಿದ ಒಂದು ಸಾಲು ಬೆದರಿಕೆಯಂತೆ ಕಂಡರೂ ಹಿಂದುಮುಂದಿನ ಸಾಲುಗಳು ಉದ್ದೇಶವನ್ನು ತಿಳಿಸುತ್ತವೆ. ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಡಿ ಹಾಜರಾಗುವಂತೆ ನೋಟಿಸ್ ಕೊಟ್ಟರೆ ಹೇಳಿದ ದಿನ ಹಾಜರಾಗಿ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ನೀವು ಆಡಿದ್ದು ಬರೀ ಟೀಕೆ ಅಥವಾ ಬೈಗುಳವಾಗಿದ್ದರೆ, ಅದೇ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟಿಗೆ ಹೋಗಿ ಪ್ರಕರಣ ರದ್ದುಪಡಿಸುವಂತೆ ಕೇಳಬಹುದು.

"ತಮಾಷೆಗೆ ಹೇಳಿದೆ" ಎಂಬ ಸಮಜಾಯಿಷಿಯನ್ನು ಬಾಂಬ್ ಬೆದರಿಕೆಯ ವಿಷಯದಲ್ಲಿ ನೆಚ್ಚಿಕೊಳ್ಳಬೇಡಿ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹಲವಾರು ಶಾಲೆಗಳಿಗೆ ಹುಸಿ ಇಮೇಲ್ ಬಂದಾಗ ತಂದೆತಾಯಿಯರು ಕೆಲಸ ಬಿಟ್ಟು ಶಾಲೆಗಳತ್ತ ಓಡಿದ ದೃಶ್ಯವನ್ನು ಊರು ಮರೆತಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಊರಿನ ಆಸ್ತಿ ಜಗಳಕ್ಕೆ ಅಮೆರಿಕದಿಂದಲೋ ದುಬೈನಿಂದಲೋ ಕರೆ ಮಾಡಿ ಬೆದರಿಸಿದರೆ ಇಲ್ಲಿನ ಕಾನೂನು ಮುಟ್ಟುವುದಿಲ್ಲ ಎಂದುಕೊಳ್ಳಬೇಡಿ. ಭಾರತದ ಪ್ರಜೆ ಎಲ್ಲಿದ್ದು ಅಪರಾಧ ಮಾಡಿದರೂ ನ್ಯಾಯ ಸಂಹಿತೆ ಅನ್ವಯಿಸುತ್ತದೆ, ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು ಅಷ್ಟೇ. ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಇಲ್ಲಿಗಿಂತ ವಿಶಾಲ ಎಂಬುದು ನಿಜವಾದರೂ ನಿಜವಾದ ಬೆದರಿಕೆಗೆ ಅಲ್ಲಿಯೂ ರಕ್ಷಣೆ ಇಲ್ಲ. ತನ್ನ ಮಾತನ್ನು ಬೆದರಿಕೆಯೆಂದು ಜನ ತಿಳಿಯಬಹುದೆಂಬ ಅರಿವಿದ್ದೂ ಲೆಕ್ಕಿಸದೆ ಆಡಿದರೆ ಶಿಕ್ಷಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಹೇಳಿದೆ.

ವಕೀಲರ ಶುಲ್ಕದ ಚಿಂತೆಯಿಂದ ಯಾರೂ ದೂರನ್ನು ಕೈಬಿಡಬೇಕಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಅದರ ಕಚೇರಿ ಇರುತ್ತದೆ. 351(2)ರ ಬೆದರಿಕೆಗೆ ಮೂರು ವರ್ಷದೊಳಗೆ ದೂರು ದಾಖಲಾಗಬೇಕೆಂಬ ಕಾಲಮಿತಿ ಇದೆ. ಊರ ಹಿರಿಯರ ಪಂಚಾಯಿತಿ ನಡೆಯುತ್ತಿದೆ ಎಂದು ಕಾಯುತ್ತಿರುವವರು ಆ ದಿನಾಂಕವನ್ನು ಈಗಲೇ ಬರೆದಿಟ್ಟುಕೊಳ್ಳಲಿ.